ಉಳಿತಾಯ ಖಾತೆ ಮೈನಸ್‌ಗೆ ಹೋಯ್ತಾ? ದುಡ್ಡು ಕಟ್ಟುವ ಮೊದಲು ಸ್ಟೇಟ್‌ಮೆಂಟ್ ಓದಿ

ಖಾತೆಯಲ್ಲಿ ಮೈನಸ್ ಕಂಡರೆ ನಮ್ಮವರು ಎರಡರಲ್ಲಿ ಒಂದು ಮಾಡುತ್ತಾರೆ. ಗಾಬರಿಬಿದ್ದು ಅಷ್ಟೂ ದುಡ್ಡು ಕಟ್ಟಿಬಿಡುತ್ತಾರೆ. ಇಲ್ಲವೇ ‘ಆ ಖಾತೆ ಈಗ ಯಾರಿಗೆ ಬೇಕು’ ಅಂತ ಆ್ಯಪ್ ತೆಗೆದುಹಾಕಿ ಸುಮ್ಮನಾಗುತ್ತಾರೆ. ಎರಡೂ ತಪ್ಪು. ಮೊದಲನೆಯದರಲ್ಲಿ ಕೊಡಬೇಕಿಲ್ಲದ ದುಡ್ಡು ಹೋಗುತ್ತದೆ. ಎರಡನೆಯದರಲ್ಲಿ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವ ನಿಮ್ಮ ದಾಖಲೆಗೆ ಕೊಡುವ ಅಂಕ, ಹಾಳಾಗಬಹುದು. ಅದು ಗೊತ್ತಾಗುವುದು ಮುಂದೆಂದೋ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸ ಬದಲಾಯಿಸಿದ. ಹೊಸ ಕಂಪನಿಯವರು ಬೇರೆ ಬ್ಯಾಂಕಿನಲ್ಲಿ ಸಂಬಳದ ಖಾತೆ ತೆರೆಸಿದರು. ಹಳೇ ಖಾತೆಯಲ್ಲಿ 212 ರೂಪಾಯಿ ಉಳಿದಿತ್ತು, ಮರೆತುಬಿಟ್ಟ. ಸಂಬಳ ಬರುವುದು ನಿಂತು ಕೆಲವು ತಿಂಗಳಾದರೆ ಅದು ಸಾಮಾನ್ಯ ಉಳಿತಾಯ ಖಾತೆಯಾಗುತ್ತದೆ, ಹಲವು ಬ್ಯಾಂಕುಗಳಲ್ಲಿ ಮಿನಿಮಮ್ ಬ್ಯಾಲೆನ್ಸ್ ನಿಯಮ ಶುರುವಾಗುತ್ತದೆ. ಅವನಿಗೆ ಇದು ಗೊತ್ತಿರಲಿಲ್ಲ. ಒಂದು ದಿನ ಮೊಬೈಲಿಗೆ ಮೆಸೇಜ್ ಬಂತು: ಬ್ಯಾಲೆನ್ಸ್ ಮೈನಸ್ 1,794.

‘ಮಾಮ, ಕಟ್ಟಿಬಿಡ್ಲಾ?’ ಅಂತ ಫೋನ್ ಮಾಡಿದ. ‘ತಡಿ, ಮೊದಲು ಸ್ಟೇಟ್‌ಮೆಂಟ್ ಕಳಿಸು’ ಅಂದೆ.

ಯಾವ ಸಾಲು ಮೈನಸ್ ಮಾಡಿತು?

ಎಲ್ಲರೂ ಎಡವುವುದು ಇಲ್ಲೇ. ಆ್ಯಪಿನ ಮಿನಿ ಸ್ಟೇಟ್‌ಮೆಂಟ್ ಸಾಲದು. ಕನಿಷ್ಠ ಆರು ತಿಂಗಳ ಪೂರ್ತಿ ಸ್ಟೇಟ್‌ಮೆಂಟ್ ತೆಗೆಯಿರಿ, ಅಥವಾ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಪ್ರಿಂಟ್ ತೆಗೆದು, ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗಿಳಿದ ಸಾಲಿಗೆ ಪೆನ್ನಿನಲ್ಲಿ ಗುರುತು ಹಾಕಿ. ಮೊಬೈಲ್ ಪರದೆ ಮೇಲೆ ಓದಿದರೆ ಸಾಲು ತಪ್ಪುತ್ತದೆ, ಪೇಪರೇ ಒಳ್ಳೆಯದು.

ಅವನ ಸ್ಟೇಟ್‌ಮೆಂಟಿನಲ್ಲಿ ನಾಲ್ಕು ಸಾಲುಗಳಿದ್ದವು. ಮೊದಲ ಮೂರು ಮಿನಿಮಮ್ ಬ್ಯಾಲೆನ್ಸ್ ದಂಡ. ಇದನ್ನು ಬ್ಯಾಂಕಿನವರು ‘ಎಂಎಬಿ’, ‘ಎಎಂಬಿ’ ಅಂತೆಲ್ಲ ಚುಟುಕಾಗಿ ಬರೆದಿರುತ್ತಾರೆ. ತಿಂಗಳಿಗೆ 400 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ 72, ಒಟ್ಟು 472. ಮೊದಲ ತಿಂಗಳೇ 212 ಹೋಗಿ ಮೈನಸ್ 260 ಆಯಿತು. ಆಮೇಲೆ ಮೈನಸ್ 732, ಮೈನಸ್ 1,204. ನಾಲ್ಕನೆಯ ಸಾಲು ಬೇರೆ ಥರದ್ದು. ಫೋನ್ ಕೊಂಡಿದ್ದ ಸಾಲದ ಕಂತು ಇದೇ ಖಾತೆಯಿಂದ ಹೋಗುತ್ತಿತ್ತು. ಸಂಬಳ ನಿಂತ ಮೇಲೆ ಕಂತನ್ನು ಅವನು ಸಾಲ ಕೊಟ್ಟವರ ಆ್ಯಪಿನಲ್ಲಿ ಮುಂಚೆಯೇ ನೇರವಾಗಿ ಕಟ್ಟುತ್ತಿದ್ದ. ಒಂದು ತಿಂಗಳು ಮರೆತ, ಖಾತೆಯಲ್ಲಿ ದುಡ್ಡಿಲ್ಲದೆ ಆ ಕಂತು ಬೌನ್ಸ್ ಆಯಿತು. ಅದಕ್ಕೆ 500, ಜಿಎಸ್‌ಟಿ 90, ಒಟ್ಟು 590.

ಈಗ ನಿಯಮ ಕೇಳಿ. 2014ರ ನವೆಂಬರ್ 20ರಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು, 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಗ್ರಾಹಕರಿಗೆ ತಿಳಿಸಬೇಕು, ಸರಿಮಾಡಿಕೊಳ್ಳಲು ಕಡಿಮೆ ಅಂದರೂ ಒಂದು ತಿಂಗಳು ಕೊಡಬೇಕು. ಬರೀ ಮಿನಿಮಮ್ ಬ್ಯಾಲೆನ್ಸ್ ದಂಡದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗುವಂತಿಲ್ಲ. ಸೊನ್ನೆಗೆ ಬಂದರೆ ಅಲ್ಲಿಗೆ ನಿಲ್ಲಬೇಕು. ಎರಡು ವರ್ಷಕ್ಕೂ ಹೆಚ್ಚು ಕಾಲ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಈ ದಂಡವನ್ನೇ ಹಾಕುವಂತಿಲ್ಲ.

ಅಂದರೆ 1,794ರಲ್ಲಿ 1,204 ಅವನು ಕೊಡಬೇಕಾದ್ದೇ ಅಲ್ಲ. ಕೊಡಬೇಕಾದ್ದು ಬೌನ್ಸಿನ 590 ಮಾತ್ರ. ಇಷ್ಟು ಲೆಕ್ಕ ಹಾಕಲು ನಮಗೆ ಹಿಡಿದದ್ದು ಹತ್ತು ನಿಮಿಷ.

ಸಾಲಿನಲ್ಲಿ ‘ಲೀನ್’ ಅಥವಾ ‘ಹೋಲ್ಡ್’ ಅಂತಿದ್ದರೆ ದುಡ್ಡು ಹೋಗಿಲ್ಲ, ತಡೆಹಿಡಿದಿದ್ದಾರೆ. ಕಾರಣ ಶಾಖೆಯಲ್ಲಿ ಕೇಳಿ. ನೀವು ಮಾಡದ ವಹಿವಾಟು ಕಂಡರೆ ಈ ಲೇಖನ ಪಕ್ಕಕ್ಕಿಡಿ. ತಕ್ಷಣ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.

ಕಂತು ಮೊದಲು, ಖಾತೆ ಆಮೇಲೆ

ಮಿನಿಮಮ್ ಬ್ಯಾಲೆನ್ಸ್ ದಂಡ ಸಾಲವಲ್ಲ, ಕ್ರೆಡಿಟ್ ರಿಪೋರ್ಟಿನಲ್ಲಿ ಅದಕ್ಕೆ ಜಾಗವಿಲ್ಲ. ಸಿಬಿಲ್‌ಗೆ ಏಟು ಬೀಳುವುದು ಅದೇ ಖಾತೆಗೆ ಅಂಟಿಕೊಂಡಿರುವ ಕಂತಿನಿಂದ. ಖಾತೆಯಲ್ಲಿರುವುದಕ್ಕಿಂತ ಹೆಚ್ಚು ದುಡ್ಡು ತೆಗೆಯುವ ಓವರ್‌ಡ್ರಾಫ್ಟ್ ಸೌಲಭ್ಯ ಪಡೆದಿದ್ದರೆ ಅದು ಸಾಲವೇ, ರಿಪೋರ್ಟಿಗೆ ಬರುತ್ತದೆ.

ಮೈನಸ್ ಇರುವ ಖಾತೆಗೆ ಕಂತಿನ ದುಡ್ಡು ಹಾಕಬೇಡಿ. ಹಾಕಿದ ದುಡ್ಡಿನಲ್ಲಿ ಬ್ಯಾಂಕು ಮೊದಲು ತನ್ನ ಮೈನಸ್ ತುಂಬಿಸಿಕೊಳ್ಳುತ್ತದೆ. ಉಳಿದದ್ದು ಕಂತಿಗೆ ಸಾಲದೆ ಮತ್ತೆ ಬೌನ್ಸ್ ಆಗುತ್ತದೆ. ಸಾಲ ಕೊಟ್ಟವರ ಆ್ಯಪ್ ಅಥವಾ ಶಾಖೆಯಲ್ಲಿ ಅವತ್ತೇ ನೇರವಾಗಿ ಕಟ್ಟಿ, ರಸೀದಿ ಇಟ್ಟುಕೊಳ್ಳಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಸಿಬಿಲ್‌ನಂಥ ಕ್ರೆಡಿಟ್ ಕಂಪನಿಗಳಿಗೆ ಮಾಹಿತಿ ಕಳಿಸುತ್ತಿವೆ. ಮುಂದಿನ ತಿಂಗಳು ನೋಡೋಣ ಅನ್ನುವ ಕಾಲ ಹೋಯಿತು. ಕಂತಿನ ಮ್ಯಾಂಡೇಟನ್ನೂ, ಅಂದರೆ ಖಾತೆಯಿಂದ ತಾನಾಗೇ ಕಡಿತವಾಗಲು ಕೊಟ್ಟ ಒಪ್ಪಿಗೆಯನ್ನೂ, ಹೊಸ ಖಾತೆಗೆ ಬದಲಾಯಿಸಿ.

ಕೈಯಲ್ಲಿ ದುಡ್ಡಿಲ್ಲ ಅಂತ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪಿನ ಹತ್ತಿರ ಮಾತ್ರ ಹೋಗಬೇಡಿ. ಅಣ್ಣನ ಹತ್ತಿರವೋ ಸ್ನೇಹಿತರ ಹತ್ತಿರವೋ ಕೈಗಡ ಕೇಳಿ. ನಾಚಿಕೆಪಡುವ ವಿಷಯ ಇದಲ್ಲ.

ಅರ್ಜಿ ಕೊಡಿ, ಸೀಲು ಹಾಕಿಸಿ

ಕಸ್ಟಮರ್ ಕೇರಿಗೆ ಮಾತಾಡಿ ಬಿಟ್ಟರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಹಾಳೆಯಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಬಹುದು. ಖಾತೆ ಸಂಖ್ಯೆ, ಯಾವ ತಾರೀಖಿನ ಯಾವ ಶುಲ್ಕ, ಎಷ್ಟು ವಾಪಸ್ ಬೇಕು, 2014ರ ಸುತ್ತೋಲೆಯ ತಾರೀಖು. ಇಷ್ಟೇ ಸಾಕು, ಕಷ್ಟಸುಖ ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ‘ಇಟ್ಟು ಹೋಗಿ, ನೋಡ್ತೀವಿ’ ಅನ್ನುತ್ತಾರೆ. ಸೀಲು ಬೀಳದೆ ಅಲ್ಲಿಂದ ಕದಲಬೇಡಿ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆರ್‌ಬಿಐನ ಸಿಎಂಎಸ್ ದೂರು ಪೋರ್ಟಲ್‌ನಲ್ಲಿ ದೂರು ಕೊಡಿ. ದುಡ್ಡು ಕೊಡಬೇಕಿಲ್ಲ, ವಕೀಲರೂ ಬೇಡ. ಮಾಹಿತಿ ಬೇಕಿದ್ದರೆ 14448ಕ್ಕೆ ಫೋನ್ ಮಾಡಿ.

ನಮ್ಮ ಹುಡುಗನಿಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮೊದಲ ಸಲ ಮ್ಯಾನೇಜರ್ ‘ಸಿಸ್ಟಮ್ ತಾನಾಗೇ ಹಾಕುತ್ತೆ’ ಅಂದರು. ಅರ್ಜಿಗೆ ಸೀಲು ಬಿದ್ದ ಮೇಲೆ ಮೂರು ವಾರದೊಳಗೆ 1,204 ರಿವರ್ಸ್ ಆಯಿತು. ಅವನು 590 ಕಟ್ಟಿದ.

ರಿಪೋರ್ಟ್ ನೋಡಿ

ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನಮ್ಮದೇ ರಿಪೋರ್ಟ್ ನೋಡಿದರೆ ಸ್ಕೋರ್ ಕಡಿಮೆಯಾಗುವುದಿಲ್ಲ. ಕಂತು ಕಟ್ಟಿದ ಒಂದೂವರೆ ತಿಂಗಳ ಮೇಲೆ ತೆಗೆದು, ಆ ಸಾಲದ ತಿಂಗಳುವಾರು ಸಾಲು ನೋಡಿ. ತಡವಾಗಿದ್ದರೆ ಎಷ್ಟು ದಿನ ಅಂತ ಅಲ್ಲಿರುತ್ತದೆ. ತಪ್ಪಾಗಿ ಬಂದಿದ್ದರೆ ಅಲ್ಲೇ ಆನ್‌ಲೈನ್ ದೂರು ಹಾಕಿ, ರಸೀದಿಯನ್ನು ಜೊತೆಗಿಟ್ಟುಕೊಂಡಿರಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಿಗಬೇಕು.

‘ಸಿಬಿಲ್ ಕ್ಲೀನ್ ಮಾಡಿಕೊಡ್ತೀವಿ’ ಅಂತ ಸಾವಿರಾರು ರೂಪಾಯಿ ಕೇಳುವವರಿಗೆ ಒಂದು ಪೈಸೆಯೂ ಕೊಡಬೇಡಿ. ಸರಿಯಾದ ಮಾಹಿತಿಯನ್ನು ಯಾರೂ ಅಳಿಸಲಾರರು, ತಪ್ಪು ಮಾಹಿತಿಯನ್ನು ನೀವೇ ತಿದ್ದಿಸಬಹುದು. ಇನ್ನೊಂದು ಬಲೆ ಸೆಟಲ್‌ಮೆಂಟ್. ‘ಅರ್ಧ ಕಟ್ಟಿ, ಮುಗಿಸೋಣ’ ಅಂತ ವಸೂಲಿಯವರು ಫೋನ್ ಮಾಡುತ್ತಾರೆ. ಒಪ್ಪಿದರೆ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬರುತ್ತದೆ. ಮುಂದೆ ಸಾಲ ಕೊಡುವವರಿಗೆ ಅದರ ಅರ್ಥ ಒಂದೇ: ಈತ ಪೂರ್ತಿ ಕಟ್ಟಲಿಲ್ಲ. ತಡವಾದರೂ ಪೂರ್ತಿ ಕಟ್ಟಿ, ನೋ ಡ್ಯೂ ಪತ್ರ ತೆಗೆದುಕೊಳ್ಳಿ.

ಹಳೇ ಖಾತೆ ಬೇಡವಾದರೆ, ಅದರಲ್ಲಿರುವ ಮ್ಯಾಂಡೇಟುಗಳನ್ನೆಲ್ಲ ಮೊದಲು ರದ್ದು ಮಾಡಿಸಿ, ಆಮೇಲೆ ಮುಚ್ಚಲು ಅರ್ಜಿ ಕೊಡಿ. ಚೆಕ್‌ಬುಕ್, ಕಾರ್ಡ್ ವಾಪಸ್ ಕೊಟ್ಟು, ಖಾತೆ ಮುಚ್ಚಿದ್ದಕ್ಕೆ ಬರಹದಲ್ಲಿ ಪತ್ರ ತೆಗೆದುಕೊಳ್ಳಿ. ಆ ಪತ್ರವನ್ನೂ ಸೀಲು ಬಿದ್ದ ಅರ್ಜಿಯನ್ನೂ ಒಂದೇ ಫೈಲಿನಲ್ಲಿ ಇಡಿ.