ಸೋಂದಾದ ವಾದಿರಾಜರನ್ನು ಓಪ್ಯಾಕ್‌ನಲ್ಲಿ ಹುಡುಕುವ ಬಗೆ

ಶಿರಸಿಯಲ್ಲೋ ಕಾರವಾರದಲ್ಲೋ ಕೂತು ಬೆಂಗಳೂರು, ಮಂಗಳೂರಿನ ಧರ್ಮ-ದರ್ಶನ ಗ್ರಂಥಾಲಯಗಳ ಆನ್‌ಲೈನ್ ಕ್ಯಾಟಲಾಗ್, ಅಂದರೆ ಓಪ್ಯಾಕ್, ತಡಕುವವರಿಗೆ ಮತ್ತೆ ಮತ್ತೆ ಎದುರಾಗುವುದು ‘ಫಲಿತಾಂಶ ಇಲ್ಲ’ ಎಂಬ ಸಾಲು. ಅಷ್ಟಕ್ಕೇ ಪುಸ್ತಕವೇ ಇಲ್ಲ ಎಂದುಕೊಳ್ಳಬೇಡಿ. ಗೂಗಲ್ ನಮ್ಮ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಹೆಚ್ಚಿನ ಓಪ್ಯಾಕ್‌ಗಳಿಗೆ ಆ ಗುಣವಿಲ್ಲ. ಕ್ಯಾಟಲಾಗ್ ಮಾಡಿದವರು ಟೈಪ್ ಮಾಡಿದ ಅಕ್ಷರ, ನೀವು ಟೈಪ್ ಮಾಡಿದ ಅಕ್ಷರ, ಎರಡೂ ಹೊಂದಿದರೆ ಮಾತ್ರ ದಾಖಲೆ ಹೊರಬರುತ್ತದೆ.

ಹಾಗಾಗಿ ಮೊದಲು ಲಿಪಿ ನೋಡಿಕೊಳ್ಳಿ. ಕನ್ನಡ ಪುಸ್ತಕವಾದರೂ ದಾಖಲೆ ರೋಮನ್ ಲಿಪಿಯಲ್ಲಿ ಮಾತ್ರ ಇರುವುದು ತೀರಾ ಸಾಮಾನ್ಯ. ಆ ಲಿಪ್ಯಂತರಕ್ಕೂ ನಾವು ಮೊಬೈಲಿನಲ್ಲಿ ಬರೆಯುವ ಕಂಗ್ಲಿಷ್‌ಗೂ ಸಂಬಂಧವಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ‘ಚ’ಕ್ಕೆ ಬರೀ ಸಿ, ಎಚ್ ಸೇರಿದರೆ ಅದು ‘ಛ’. ‘ಶ’, ‘ಷ’ ಎರಡಕ್ಕೂ ಎಸ್ ಮೇಲೋ ಕೆಳಗೋ ಚಿಹ್ನೆ. ಎಚ್ ಬರುವುದೇ ಇಲ್ಲ. ‘ವ’ ಯಾವಾಗಲೂ ವಿ. ಚಿಹ್ನೆಗಳನ್ನು ಬಿಟ್ಟು ಟೈಪ್ ಮಾಡಿದರೂ ಹೆಚ್ಚಿನ ಕಡೆ ನಡೆಯುತ್ತದೆ. ಅಂದರೆ ‘ಆಚಾರ್ಯ’ಕ್ಕೆ ಎ-ಸಿ-ಎ-ಆರ್-ವೈ-ಎ, ‘ಕೃಷ್ಣ’ನಿಗೆ ಕೆ-ಆರ್-ಎಸ್-ಎನ್-ಎ. ಇದರಲ್ಲಿ ಸಿಗದಿದ್ದರೆ ಬಳಕೆಯ ಇಂಗ್ಲಿಷ್ ಕಾಗುಣಿತ, ಆಮೇಲೆ ಕನ್ನಡ ಲಿಪಿ. ಮೂರೂ ಸೋತ ಮೇಲೆಯೇ ಕೈಬಿಡಿ.

ಕನ್ನಡದಲ್ಲಿ ಹುಡುಕುವಾಗ ಯೂನಿಕೋಡ್ ಕೀಲಿಮಣೆ ಬೇಕು. ನುಡಿ ಅಥವಾ ಬರಹದ ಹಳೆಯ ಫಾಂಟಿನ ಕಡತದಿಂದ ನಕಲು ಮಾಡಿ ಅಂಟಿಸಿದರೆ ಓಪ್ಯಾಕ್‌ಗೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು. ಇನ್ನೊಂದು ತೊಡಕು ಸಮಾಸ ಮತ್ತು ವಿಭಕ್ತಿ. ‘ಬ್ರಹ್ಮಸೂತ್ರ’ ಎಂದು ಕೇಳಿದರೆ ‘ಬ್ರಹ್ಮಸೂತ್ರಭಾಷ್ಯ’ ತಪ್ಪಿಹೋಗಬಹುದು, ‘ಮಠ’ ಎಂದರೆ ‘ಮಠದ’ ಬಾರದಿರಬಹುದು. ಪದದ ಕೊನೆಗೆ ನಕ್ಷತ್ರ ಚಿಹ್ನೆ (*) ಹಾಕಿ. ಆದರೆ ಈ ಚಿಹ್ನೆ ಸಾಮಾನ್ಯವಾಗಿ ಪದದ ಆರಂಭದಲ್ಲಿ ಕೆಲಸ ಮಾಡದು. ಹಾಗಾಗಿ ‘ಭಗವದ್ಗೀತೆ’ಯನ್ನು ‘ಶ್ರೀಮದ್ಭಗವದ್ಗೀತಾ’ ಎಂದೂ ಬೇರೆಯಾಗಿ ಹುಡುಕಬೇಕು.

ಈಗ ವಾದಿರಾಜರು. ಲೇಖಕ ಕಾಲಂನಲ್ಲಿ ಬರೀ ಆ ಹೆಸರು ಕೊಟ್ಟರೆ ಇಬ್ಬರು ಬೆರೆತು ಬರುತ್ತಾರೆ: ‘ಯುಕ್ತಿಮಲ್ಲಿಕಾ’, ‘ರುಕ್ಮಿಣೀಶವಿಜಯ’ ಬರೆದ ಸೋದೆ (ಸೋಂದಾ) ಮಠದ ಮಾಧ್ವ ಯತಿ ವಾದಿರಾಜತೀರ್ಥರು ಮತ್ತು ‘ಪಾರ್ಶ್ವನಾಥಚರಿತ’, ‘ಏಕೀಭಾವಸ್ತೋತ್ರ’ ಬರೆದ 11ನೇ ಶತಮಾನದ ಜೈನ ಆಚಾರ್ಯ ವಾದಿರಾಜಸೂರಿ. ಶಿರಸಿ ಬಳಿಯ ಸೋಂದಾದಲ್ಲಿ ಮಾಧ್ವ ಮಠವೂ ಇದೆ, ಜೈನ ಮಠವೂ ಇದೆ. ಊರಿನ ಹೆಸರು ಸೇರಿಸಿದರೂ ಗೊಂದಲ ತೀರದು. ಬೇರ್ಪಡಿಸುವುದು ವರ್ಗಾಂಕ, ಅಂದರೆ ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ಕೊಡುವ ಸಂಖ್ಯೆ. ಡ್ಯೂಯಿ ಪದ್ಧತಿಯಲ್ಲಿ ವೇದಾಂತಕ್ಕೆ 181.48, ಹಿಂದೂ ಧರ್ಮಕ್ಕೆ 294.5, ಜೈನ ಧರ್ಮಕ್ಕೆ 294.4. ಸರಿಯಾದ ಒಂದು ದಾಖಲೆ ಸಿಕ್ಕರೆ ಸಾಕು. ಅದರೊಳಗಿನ ಲೇಖಕರ ಹೆಸರಿನ ಮೇಲೆ, ವಿಷಯ ಶೀರ್ಷಿಕೆಯ ಮೇಲೆ ಕ್ಲಿಕ್ ಮಾಡುತ್ತ ಹೋಗಿ. ಹೊಸ ಪದ ಊಹಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಊರಿನ ಹೆಸರಿಗೂ ಇದೇ ಎಚ್ಚರ ಬೇಕು. ಸೋಂದಾ, ಸೋದೆ, ಸ್ವಾದಿ, ಸುಧಾಪುರ ಎಲ್ಲವೂ ಒಂದೇ ಊರು. ಈ ಊರಿರುವ ಜಿಲ್ಲೆಯನ್ನು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ‘ಉತ್ತರ ಕನ್ನಡ’ ಎಂದು ಹುಡುಕಿ ಪ್ರಯೋಜನವಿಲ್ಲ; ‘ಕೆನರಾ’ ಎಂದು ಸಿ ಮತ್ತು ಕೆ ಎರಡರಿಂದಲೂ ನೋಡಿ. ಹೊನ್ನಾವರ ‘ಓನೋರ್’ ಆಗಿರುತ್ತದೆ.

ಕ್ರೈಸ್ತ ಗ್ರಂಥಗಳಿಗೆ ‘ಬೈಬಲ್’ ಜೊತೆಗೆ ‘ಸತ್ಯವೇದ’, ‘ಸುವಾರ್ತೆ’ ಜೊತೆಗೆ ಕಥೋಲಿಕರ ‘ಶುಭಸಂದೇಶ’ ಕೊಡಿ. ಕರಾವಳಿಯ ಕೊಂಕಣಿ ಪ್ರಾರ್ಥನಾ ಪುಸ್ತಕಗಳು ಕನ್ನಡ, ದೇವನಾಗರಿ, ರೋಮನ್ ಮೂರರಲ್ಲೂ ಇವೆ. ಅಲ್ಲಿ ಲಿಪಿ ಬಿಟ್ಟು ಭಾಷೆಯ ಫಿಲ್ಟರ್ ಹಾಕುವುದೇ ಸಲೀಸು.

ಕಿರುಕೃತಿಗಳು ಸಂಪುಟದೊಳಗೆ ಅಡಗಿರುತ್ತವೆ. ಮಧ್ವರ ‘ಕರ್ಮನಿರ್ಣಯ’ ಶೀರ್ಷಿಕೆಯಲ್ಲಿ ಸಿಗದಿದ್ದರೆ ಅವರ ಕೃತಿಗಳ ಸಂಗ್ರಹವಾದ ‘ಸರ್ವಮೂಲ’ ಹುಡುಕಿ, ದಾಖಲೆಯ ಪರಿವಿಡಿ ತೆರೆದು ನೋಡಿ. ಪ್ರಕಟಣೆಯ ವರ್ಷ ಶಕದಲ್ಲಿದ್ದರೆ 78 ಕೂಡಿಸಿ: ಶಕ 1805 ಎಂದರೆ 1883.

ಬಸ್ ಹತ್ತುವ ಮುಂಚೆ ಕರೆ ಸಂಖ್ಯೆ (ಕಪಾಟಿನಲ್ಲಿ ಪುಸ್ತಕದ ಜಾಗ ತೋರಿಸುವ ಕಾಲ್ ನಂಬರ್), ಸಂಪುಟ, ಪರಿಗ್ರಹಣ ಸಂಖ್ಯೆ (ಗ್ರಂಥಾಲಯ ಪ್ರತಿಯೊಂದು ಪ್ರತಿಗೂ ಕೊಡುವ ಸಂಖ್ಯೆ) ಬರೆದುಕೊಳ್ಳಿ. ‘ಪರಾಮರ್ಶೆಗೆ ಮಾತ್ರ’ ಎಂದಿದ್ದರೆ ಅಲ್ಲೇ ಕೂತು ಓದುವಷ್ಟು ಸಮಯ ಇಟ್ಟುಕೊಂಡು ಹೊರಡಿ. ತಾಳೆಗರಿ, ಹಸ್ತಪ್ರತಿಗಳ ಪಟ್ಟಿ ಅನೇಕ ಕಡೆ ಓಪ್ಯಾಕ್‌ನ ಹೊರಗೇ ಇರುತ್ತದೆ. ಅದಕ್ಕೆ ಗ್ರಂಥಪಾಲಕರಿಗೇ ಪತ್ರ ಬರೆಯಬೇಕು: ಕೃತಿಯ ಹೆಸರು, ಕರ್ತೃ, ಭಾಷೆ, ಲಿಪಿ, ಗೊತ್ತಿದ್ದರೆ ಮೊದಲ ಶ್ಲೋಕದ ಅರ್ಧ ಸಾಲು.