ರಾಕೆಟ್‌ನಲ್ಲಿ ಒಂದು ಸೀಟು ಹಿಡಿಯುವುದು ಹೇಗೆ?

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ದೊಡ್ಡ ಡಿಶ್‌ಗಳನ್ನು ನೋಡಿಕೊಂಡು ಕಾಲೇಜಿಗೆ ಹೋಗುವವರಿಗೆ ಒಮ್ಮೆಯಾದರೂ ಅನ್ನಿಸಿರುತ್ತದೆ: ನಾವೂ ಒಂದು ಉಪಗ್ರಹ ಹಾರಿಸಿದರೆ? ಇಡೀ ರಾಕೆಟ್ ಹಿಡಿಯಲು ಆಗುವುದಿಲ್ಲ, ಸರಿ. ಸಕಲೇಶಪುರದ ಸಣ್ಣ ಬೆಳೆಗಾರರು ಹತ್ತು ಮೂಟೆ ಕಾಫಿಗೆ ಇಡೀ ಲಾರಿ ಹಿಡಿಯುತ್ತಾರಾ? ಪಕ್ಕದ ತೋಟದವರ ಮೂಟೆಯ ಜೊತೆ ಹಾಕಿ ಕಳಿಸುತ್ತಾರೆ. ರಾಕೆಟ್‌ನಲ್ಲೂ ಈಗ ಅದೇ ಲೆಕ್ಕ. 2017ರ ಫೆಬ್ರುವರಿ 15ರಂದು ಪಿಎಸ್‌ಎಲ್‌ವಿ ರಾಕೆಟ್ಟು 714 ಕಿಲೋದ ಕಾರ್ಟೊಸ್ಯಾಟ್ ಜೊತೆ ಇನ್ನೂ 103 ಉಪಗ್ರಹಗಳನ್ನು ಹೊತ್ತೊಯ್ದಿತ್ತು.

ಮೊದಲು, ಉಪಗ್ರಹವೇ ಬೇಕಾ ಎಂದು ಕೇಳಿಕೊಳ್ಳಿ. ಸಣ್ಣ ಪ್ರಯೋಗವೊಂದೇ ಆದರೆ ಇಸ್ರೋದ ‘ಪೋಯಮ್’ ಎಂಬ ವ್ಯವಸ್ಥೆ ಸಾಕು. ಕೆಲಸ ಮುಗಿಸಿದ ಪಿಎಸ್‌ಎಲ್‌ವಿಯ ಕೊನೆಯ ಹಂತ ಸುಮ್ನೆ ಸುತ್ತುತ್ತಿರುತ್ತದೆ ಅಲ್ವಾ, ಅದಕ್ಕೇ ಪ್ರಯೋಗದ ಪೆಟ್ಟಿಗೆಗಳನ್ನು ಕೂರಿಸುತ್ತಾರೆ. ಕರೆಂಟು, ಸಂಪರ್ಕ ಎಲ್ಲ ಅಲ್ಲೇ ಸಿಗುತ್ತದೆ. 2024ರ ಡಿಸೆಂಬರ್ 30ರಂದು ಹೋದ ಪೋಯಮ್‌ನಲ್ಲಿ 24 ಪ್ರಯೋಗಗಳಿದ್ದವು. ಬೆಂಗಳೂರಿನ ಆರ್.ವಿ. ಕಾಲೇಜಿನ ವಿದ್ಯಾರ್ಥಿಗಳದ್ದೂ ಒಂದಿತ್ತು. ನಮ್ಮ ಅಡುಗೆಮನೆಯ ಅಲಸಂದೆ ಕಾಳು ಅಲ್ಲೇ ಮೊಳಕೆ ಒಡೆಯಿತು!

ಇಲ್ಲ, ಸ್ವಂತದ್ದೇ ಬೇಕು ಎಂದರೆ ಕ್ಯೂಬ್‌ಸ್ಯಾಟ್ ಅಳತೆಗೆ ಕಟ್ಟಿ: ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್. ಹೊರಕ್ಕೆ ತಳ್ಳುವ ಸ್ಪ್ರಿಂಗ್ ಪೆಟ್ಟಿಗೆ ಆ ಅಳತೆಗೇ ಇರುತ್ತದೆ. 2010ರಲ್ಲಿ ಕರ್ನಾಟಕ ಮತ್ತು ಆಂಧ್ರದ ಏಳು ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಹಾರಿಸಿದ ಸ್ಟಡ್‌ಸ್ಯಾಟ್ ಒಂದು ಕಿಲೋಗಿಂತ ಹಗುರವಿತ್ತು.

ಆಮೇಲೆ ಸೀಟು. ಇಲ್ಲೇ ಮೋಸ ಹೋಗುವುದು. ಸ್ಪೇಸ್‌ಎಕ್ಸ್‌ನ ಹಂಚಿಕೆ ರಾಕೆಟ್‌ನಲ್ಲಿ 50 ಕಿಲೋ ತನಕ ಎಷ್ಟೇ ತೂಗಿದರೂ ಒಂದೇ ದರ, 3 ಲಕ್ಷ ಡಾಲರ್‌ಗಿಂತ ಮೇಲೆ. ಒಂದು ಕಿಲೋಗೆ ಅಷ್ಟು ಕೊಡುವವರು ಯಾರು? ಹಾಗಾಗಿ ಸಣ್ಣ ಉಪಗ್ರಹಗಳನ್ನು ಒಟ್ಟುಮಾಡಿ ಜಾಗ ಹಿಡಿಯುವ ಮಧ್ಯವರ್ತಿ ಕಂಪನಿಗಳ ಮೂಲಕ ಹೋಗಬೇಕು. ಇಲ್ಲಿ ದೊಡ್ಡ ಗಿರಾಕಿ ಹೇಳಿದ್ದೇ ದಾರಿ. ಅವರ ಕಕ್ಷೆಯೇ ನಿಮ್ಮ ಕಕ್ಷೆ, ಅವರು ತಡ ಮಾಡಿದರೆ ನಿಮ್ಮದೂ ತಡ. ಹಾಸನದ ಮೇಲೆ ಇಂತಿಷ್ಟು ಹೊತ್ತಿಗೇ ಹಾಯಬೇಕು ಎಂಬ ಹಟವಿದ್ದರೆ ಈ ದಾರಿ ಬೇಡ.

ಅರ್ಜಿಗಳನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಇಸ್ರೋ ಹೊರಗಿನವರ ಬಾಹ್ಯಾಕಾಶ ಕೆಲಸಕ್ಕೆ ಒಪ್ಪಿಗೆ ಕೊಡುವ ಕೇಂದ್ರ ಸರ್ಕಾರದ ಇನ್‌ಸ್ಪೇಸ್ ಸಂಸ್ಥೆಯ ಅನುಮತಿ, ರೇಡಿಯೊ ತರಂಗಾಂತರ ಎರಡಕ್ಕೂ ಕಟ್ಟುವ ಕೆಲಸ ಶುರುವಾದಾಗಲೇ ಹಾಕಿ.

ಹಾರಿಸುವ ಮುಂಚೆ ಪರೀಕ್ಷೆ ಇರುತ್ತದೆ. ಅದರಲ್ಲಿ ನಿಮ್ಮ ಉಪಗ್ರಹವನ್ನು ಗಡಗಡ ಅಲುಗಾಡಿಸುತ್ತಾರೆ, ಗಾಳಿಯಿಲ್ಲದ ಕೋಣೆಯಲ್ಲಿ ಕಾಯಿಸಿ ತಣಿಸುತ್ತಾರೆ. ನಿಮ್ಮ ಉಪಗ್ರಹ ಕೆಲಸ ಮಾಡುತ್ತದೋ ಇಲ್ಲವೋ, ರಾಕೆಟ್‌ನವರಿಗೆ ಅದು ಚಿಂತೆಯಲ್ಲ. ಅದರ ಸ್ಕ್ರೂ ಬಿಚ್ಚಿ ಪಕ್ಕದವರ ಕೋಟಿಯ ಮಾಲಿಗೆ ಬಡಿಯಬಾರದು, ಅಷ್ಟೆ.

ಮೇಲೆ ಹೋದಮೇಲೆ? ಸಾಲಗಾಮೆ ರಸ್ತೆಯ ಡಿಶ್‌ಗಳು 36,000 ಕಿಲೋಮೀಟರ್ ದೂರದ ಉಪಗ್ರಹಗಳನ್ನು ನೋಡಿಕೊಳ್ಳಲಿಕ್ಕೆ ಇರುವಂಥವು. ನಿಮ್ಮದು 500 ಕಿಲೋಮೀಟರ್ ಎತ್ತರದಲ್ಲಿ ಸುಮಾರು 95 ನಿಮಿಷಕ್ಕೊಂದು ಸುತ್ತು ಹೊಡೆಯುತ್ತದೆ. ನಮ್ಮ ತಲೆ ಮೇಲೆ ಹಾದಾಗ ಮಾತಿಗೆ ಸಿಗುವುದು ಹತ್ತು ನಿಮಿಷ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದ್ದವರನ್ನು ಜೊತೆ ಮಾಡಿಕೊಂಡು ಕಾಲೇಜಿನ ತಾರಸಿಗೆ ಒಂದು ಯಾಗಿ ಆಂಟೆನಾ, ಅಂದರೆ ಹಳೇ ಟಿವಿಗೆ ಹಾಕುತ್ತಿದ್ದಂಥ ಕಡ್ಡಿ ಆಂಟೆನಾ ಹಾಕಿ. ಜೂನ್‌ಗೆ ಮುಂಚೆ ಕೇಬಲ್ ಜಾಯಿಂಟ್‌ಗಳಿಗೆ ಟೇಪ್ ಸುತ್ತಿಬಿಡಿ, ನಮ್ಮ ಕಡೆಯ ಮಳೆಗೆ ನೀರು ಮೊದಲು ಇಳಿಯುವುದು ಅಲ್ಲಿಗೇ.