ಕೊಂಡು ಬೇಸರವಾದ ಜೇಬುಚಾಕು: ಯಾವುದನ್ನು ತಿದ್ದುತ್ತೇನೆ, ಯಾವುದನ್ನು ಕೈಬಿಡುತ್ತೇನೆ

ಹೊಸ ಮಡಚುಚಾಕು ಬೇಸರ ತರಿಸಿದಾಗ ಎಲ್ಲರೂ ಮೊದಲು ಬೈಯುವುದು ಉಕ್ಕನ್ನು. ‘ಸ್ಟೀಲ್ ಸರಿಯಿಲ್ಲ, ಹರಿತ ನಿಲ್ಲೋದಿಲ್ಲ’ ಅನ್ನುತ್ತಾರೆ. ನಾನು ತಿದ್ದಲು ಕೈಗೆತ್ತಿಕೊಂಡವುಗಳಲ್ಲಿ ಬಹುಪಾಲಿಗೆ ಇದ್ದ ರೋಗ ಬೇರೆ: ಬಾಯಿಯ, ಅಂದರೆ ಹರಿತದ ಅಂಚಿನ, ಹಿಂದಿನ ದಪ್ಪ. ಇಂಥ ಚಾಕು ಕಾಗದವನ್ನು ಸರ್ರನೆ ಕೊಯ್ಯುತ್ತದೆ, ಯಾಕೆಂದರೆ ಅಲ್ಲಿ ಕೆಲಸ ಮಾಡುವುದು ಬಾಯಿಯ ತುದಿ ಮಾತ್ರ. ಅದನ್ನೇ ಸೇಬಿನ ಮೇಲಿಟ್ಟು ಒತ್ತಿ ನೋಡಿ. ಅರ್ಧ ಇಂಚು ಇಳಿಯುವಷ್ಟರಲ್ಲಿ ಹಣ್ಣು ಟಕ್ಕೆಂದು ಸೀಳುತ್ತದೆ. ಅದು ಕೊಯ್ದದ್ದಲ್ಲ, ಬೆಣೆ ಹೊಡೆದು ಒಡೆದದ್ದು. ದಪ್ಪ ರಟ್ಟಿನಲ್ಲಾದರೆ ಅಲಗು ಒಂದು ಗೇಣು ಹೋಗುವ ಮುಂಚೆಯೇ ಕಚ್ಚಿಕೊಂಡು ನಿಲ್ಲುತ್ತದೆ.

ಆದ್ದರಿಂದ ನಾನು ಮೊದಲು ತೆಗೆಯುವುದು ವರ್ನಿಯರ್ ಕ್ಯಾಲಿಪರ್. ಬಾಯಿಯ ಓರೆ ಮುಗಿದು ಅಲಗಿನ ಮೈ ಶುರುವಾಗುವ ಗೆರೆಯ ಮೇಲೆ ಅಳೆಯಬೇಕು. 0.3ರಿಂದ 0.5 ಮಿ.ಮೀ. ಇದ್ದರೆ ಚೆನ್ನಾಗಿ ಕೊಯ್ಯುತ್ತದೆ, 0.6 ನಡೆಯುತ್ತದೆ, 0.8 ದಾಟಿದರೆ ಅದು ಚಾಕುವಿನ ವೇಷದ ಉಳಿ. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ, ಮಡಚಿದಾಗ 91 ಮಿ.ಮೀ. ಉದ್ದದ ಮಾದರಿಗಳ ಉಕ್ಕಿನ ಗಡಸು ರಾಕ್‌ವೆಲ್ ಅಳತೆಯಲ್ಲಿ 56ರ ಆಸುಪಾಸು, ಈಗಿನ ಲೆಕ್ಕಕ್ಕೆ ಮೆದುವೇ. ಆದರೂ ಹಣ್ಣಿನಲ್ಲಿ ಸಲೀಸಾಗಿ ಇಳಿಯುತ್ತದೆ, ಅಲಗು ತೆಳು ಅನ್ನುವ ಒಂದೇ ಕಾರಣಕ್ಕೆ.

ದಪ್ಪ ಇಳಿಸುವ ಕೆಲಸವನ್ನು ಕೈಯಿಂದಲೇ ಮಾಡುತ್ತೇನೆ. ನೀರಿಲ್ಲದೆ ಗ್ರೈಂಡರಿಗೆ ಹಿಡಿದರೆ ತೆಳ್ಳಗಿನ ಬಾಯಿ ಕ್ಷಣದಲ್ಲಿ ಕಾಯುತ್ತದೆ. ಬಣ್ಣ ಬದಲಾದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಗಡಸು ಹೋಗಿರುತ್ತದೆ, ಮತ್ತೆ ಬರುವುದಿಲ್ಲ. ದಪ್ಪ ಗಾಜಿನ ಮೇಲೆ 220 ಗ್ರಿಟ್‌ನ (ಒರಟುತನದ ಸಂಖ್ಯೆ, ಹೆಚ್ಚಿದಷ್ಟೂ ನುಣುಪು) ವಾಟರ್ ಪೇಪರ್ ಅಂಟಿಸಿ ಒದ್ದೆ ಮಾಡಿಕೊಳ್ಳಬೇಕು. 300-400ರ ಡೈಮಂಡ್ ಪ್ಲೇಟ್ ಇದ್ದರೆ ಇನ್ನೂ ಬೇಗ. ಬಾಯಿಯ ಮೇಲಿನ ಮೂರು ಮಿಲಿಮೀಟರಿಗೆ ಮಾರ್ಕರ್ ಮಸಿ ಬಳಿದು, ಅಲಗಿನ ಉಳಿದ ಭಾಗಕ್ಕೆ ಟೇಪ್ ಸುತ್ತಬೇಕು, ಇಲ್ಲದಿದ್ದರೆ ಮೈಯೆಲ್ಲ ಗೀರು. 20 ಮಿ.ಮೀ. ಅಗಲದ ಅಲಗಾದರೆ ಬೆನ್ನನ್ನು ಕಲ್ಲಿನಿಂದ 3 ಮಿ.ಮೀ. ಎತ್ತಿ ಹಿಡಿಯುತ್ತೇನೆ. ಅದು ಸುಮಾರು 9 ಡಿಗ್ರಿ. ಒಂದು ಬದಿಗೆ ಇಪ್ಪತ್ತು ಎಳೆತ, ತಿರುಗಿಸಿ ಇನ್ನೊಂದು ಬದಿಗೆ ಇಪ್ಪತ್ತು, ನಡುನಡುವೆ ಕ್ಯಾಲಿಪರ್. ಮಸಿ ಮೇಲಿನಿಂದ ಅಳಿಯುತ್ತಾ ಕೆಳಗಿಳಿಯುತ್ತದೆ. ಬಾಯಿಯ ಪಕ್ಕ ಕೂದಲೆಳೆಯಷ್ಟು ಕಪ್ಪು ಉಳಿದಾಗ ನಿಲ್ಲಿಸಬೇಕು. ಮೊನೆಯ ಹತ್ತಿರ ಒತ್ತಡ ಅರ್ಧಕ್ಕೆ ಇಳಿಸಿ, ಅಲ್ಲಿ ಲೋಹ ಕಡಿಮೆ, ಗೊತ್ತಾಗದ ಹಾಗೆ ಸವೆದುಹೋಗುತ್ತದೆ. ಮೆದು ಸ್ಟೇನ್‌ಲೆಸ್‌ಗೆ ಒಂದು ಗಂಟೆ ಸಾಕು. ಡಿ2 ಥರದ ಗಡಸು ಟೂಲ್ ಉಕ್ಕಿಗೆ ಎರಡು-ಮೂರು ಗಂಟೆ ಹೋಗುತ್ತದೆ, ಅದಕ್ಕಂತೂ ಡೈಮಂಡೇ ವಾಸಿ.

ಆಮೇಲೆ ಬೆನ್ನನ್ನು 6 ಮಿ.ಮೀ. ಎತ್ತಿ 1000 ಗ್ರಿಟ್ ಕಲ್ಲಿನಲ್ಲಿ ಬಾಯಿ ಕಟ್ಟಬೇಕು, ಇದು 17-18 ಡಿಗ್ರಿ ಕೊಡುತ್ತದೆ. ಒಂದು ಬದಿ ಮಸೆದಾಗ ಎದುರು ಬದಿಯಲ್ಲಿ ಬರ್, ಅಂದರೆ ಬಾಗಿ ನಿಂತ ಲೋಹದ ತೆಳು ಅಂಚು, ಏಳುತ್ತದೆ. ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹೆಬ್ಬೆರಳು ಸವರಿದರೆ ಸಣ್ಣ ತಂತಿ ತಡೆದಂತೆ ಅನ್ನಿಸುತ್ತದೆ. ಅದು ಬುಡದಿಂದ ಮೊನೆಯವರೆಗೆ ಏಳುವ ತನಕ ಬದಿ ಬದಲಿಸಬೇಡಿ. ಕೊನೆಗೆ ಬರೀ ಚಾಕುವಿನ ಭಾರದಲ್ಲೇ ಎಳೆದು ಬರ್ ಇಳಿಸಿ, ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಹತ್ತು ಸಲ. ‘ಮಸೆದ ಮರುದಿನವೇ ಮೊಂಡಾಯ್ತು’ ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಪೂರ್ತಿ ತೆಗೆಯದೆ ಬಿಟ್ಟ ಈ ಬರ್. ಕಾರ್ಖಾನೆಯಲ್ಲೇ ಬಾಯಿ ಕಾದು ಮೆತ್ತಗಾಗಿರುವುದೂ ಉಂಟು. ಎರಡು-ಮೂರು ಸಲ ಮಸೆದು ಒಳಗಿನ ಒಳ್ಳೆಯ ಲೋಹ ಹೊರಬಂದ ಮೇಲೆಯೇ ನಾನು ಉಕ್ಕಿಗೆ ಅಂಕ ಕೊಡುವುದು.

ಬುಡದಲ್ಲಿ ಬಾಯಿ ಮುಗಿಯುವ ಕಡೆ ಕಚ್ಚು ಇಲ್ಲದ ಚಾಕುಗಳದ್ದು ಇನ್ನೊಂದು ಕಾಟ. ದಪ್ಪ ಬುಡ ಕಲ್ಲಿಗೆ ಮೊದಲು ತಾಗಿ ಬಾಯಿಯನ್ನು ಮೇಲೆತ್ತುತ್ತದೆ, ಕೊನೆಯ ಮೂರು-ನಾಲ್ಕು ಮಿಲಿಮೀಟರ್ ಹರಿತವಾಗುವುದೇ ಇಲ್ಲ. 3 ಮಿ.ಮೀ. ದಪ್ಪದ ದುಂಡು ಡೈಮಂಡ್ ಅರದಿಂದ ಅಲ್ಲೊಂದು ಅರ್ಧಚಂದ್ರದ ಕಚ್ಚು ಮಾಡಿದರೆ ತೊಂದರೆ ಮುಗಿಯಿತು. ಮಾಮೂಲಿ ಅರ ಗಡಸು ಉಕ್ಕಿನ ಮೇಲೆ ಜಾರುತ್ತದೆ, ಅಷ್ಟೆ.

ಅಲಗು ಅಲ್ಲಾಡುತ್ತದೆ ಅನ್ನುವವರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಎಡಬಲಕ್ಕೋ, ಮೇಲೆಕೆಳಕ್ಕೋ? ಎಡಬಲ ಆದರೆ ಅದು ಕೀಲಿನ ಸ್ಕ್ರೂ ಸಡಿಲವಾದದ್ದು. ಹೆಚ್ಚಿನವಕ್ಕೆ ಟಿ6 ಅಥವಾ ಟಿ8 ಅಳತೆಯ ಟಾರ್ಕ್ಸ್ ಬಿಟ್ (ಆರು ಮೂಲೆಯ ನಕ್ಷತ್ರದಂಥ ತುದಿ) ಬೇಕು. ಸ್ಕ್ರೂ ಜಗ್ಗದಿದ್ದರೆ ಬಲ ಹಾಕಬೇಡಿ, ಅಗ್ಗದ ಸ್ಕ್ರೂಗಳ ತಲೆ ತಕ್ಷಣ ಸವೆಯುತ್ತದೆ. ಕಾರ್ಖಾನೆಯವರು ಅಂಟು ಜಾಸ್ತಿ ಸುರಿದಿರುತ್ತಾರೆ. ಬಿಸಿ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಅರ್ಧ ನಿಮಿಷ ಸ್ಕ್ರೂ ತಲೆಗೆ ಒತ್ತಿಹಿಡಿದರೆ ಅಂಟು ಮೆತ್ತಗಾಗುತ್ತದೆ. ಒಳಗಿನ ಧೂಳು, ಬಟ್ಟೆಯ ನಾರು ಒರೆಸಿ, ವಾಷರ್‌ಗಳಿಗೆ ಒಂದೊಂದು ತೊಟ್ಟು ಮಿನರಲ್ ಆಯಿಲ್. ಅಡುಗೆ ಎಣ್ಣೆ ಬೇಡ, ಕೆಲವೇ ವಾರಗಳಲ್ಲಿ ಗಟ್ಟಿ ಜಿಗುಟಾಗುತ್ತದೆ. ಸ್ಕ್ರೂವಿನ ಎಳೆಗೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು) ಸೂಜಿಮೊನೆಯಷ್ಟು. ಅದು ವಾಷರ್‌ಗೆ ಹರಿದರೆ ಕೀಲೇ ಕಟ್ಟಿಕೊಳ್ಳುತ್ತದೆ. ಆಮೇಲೆ ಒಂದು ಸುತ್ತಿನ ಎಂಟನೇ ಒಂದು ಭಾಗದಂತೆ ಬಿಗಿಯುತ್ತಾ, ಅಲ್ಲಾಟ ಹೋದ ಕಡೆ ನಿಲ್ಲಿಸಬೇಕು.

ಮೇಲೆಕೆಳಗೆ ಅಲ್ಲಾಡಿದರೆ ತಪ್ಪು ಲಾಕ್‌ನದ್ದು, ಸ್ಕ್ರೂ ಎಷ್ಟು ಬಿಗಿದರೂ ಹೋಗುವುದಿಲ್ಲ. ಲೈನರ್ ಲಾಕ್ (ಹಿಡಿಯೊಳಗಿನ ಲೋಹದ ಪಟ್ಟಿಯೊಂದು ಅಲಗಿನ ಬುಡಕ್ಕೆ ಆನಿಸಿ ನಿಲ್ಲುವ ಬಗೆ) ಆಗಿದ್ದರೆ ಅಲಗು ಬಿಡಿಸಿ ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿ. ಪಟ್ಟಿ ಅಲಗಿನ ಬುಡದ ದಪ್ಪದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಬಂದು ಕೂತಿರಬೇಕು. ಅಂಚಿಗೆ ಮಾತ್ರ ತಾಗಿದ್ದರೆ ಜಾರುತ್ತದೆ, ಎದುರಿನ ಲೈನರಿಗೇ ಹೋಗಿ ಮುಟ್ಟಿದ್ದರೆ ಸವೆದಾಗಿದೆ. ಬೆರಳುಗಳನ್ನು ಮಡಚುವ ದಾರಿಯಿಂದ ದೂರವಿಟ್ಟು, ಬೆನ್ನಿನ ಮೇಲೆ ಅಂಗೈಯಿಂದ ನಿಧಾನ ಒತ್ತಿ ಪರೀಕ್ಷಿಸಬೇಕು. ಬೆನ್ನನ್ನು ಮೇಜಿಗೆ ಬಡಿದು ನೋಡುವುದು ಕೆಲವರ ಚಟ, ಅದರಿಂದ ಸರಿಯಿದ್ದ ಲಾಕೂ ಹಾಳು. ಒತ್ತಿದಾಗ ಒಂದು ಸಲ ಮಡಚಿದರೂ ಆ ಚಾಕು ನನ್ನ ಮಟ್ಟಿಗೆ ಮುಗಿಯಿತು.

ಉಕ್ಕಿನ ಹೆಸರಿನಲ್ಲೂ ಮೋಸ ಹೋಗುವುದುಂಟು. ಬರೀ ‘440’ ಅಂತಿದ್ದು ಅಕ್ಷರ ಇಲ್ಲದಿದ್ದರೆ ಅನುಮಾನಿಸಿ. 440ಎ-ಯಲ್ಲಿ ಕಾರ್ಬನ್ 0.60-0.75%, 440ಸಿ-ಯಲ್ಲಿ 0.95-1.20%. ಎರಡೂ ಒಂದೇ ಅಲ್ಲ. ‘ಸರ್ಜಿಕಲ್ ಸ್ಟೀಲ್’ ಅನ್ನುವುದು ಒಂದು ನಿರ್ದಿಷ್ಟ ಉಕ್ಕಿನ ಹೆಸರೇ ಅಲ್ಲ. ಡಿ2 ತುಕ್ಕು ಹಿಡಿಯುವುದಿಲ್ಲ ಎಂದು ಕೊಂಡವರು ಹಣ್ಣು ಕೊಯ್ದು ಒರೆಸದೆ ಮಡಚಿಟ್ಟು ಚುಕ್ಕೆ ಕಾಣುತ್ತಾರೆ. ಅದರಲ್ಲಿ ಸುಮಾರು 12% ಕ್ರೋಮಿಯಂ ಇದ್ದರೂ ಬಹಳಷ್ಟು ಕಾರ್ಬನ್ನಿನ ಜೊತೆ ಸೇರಿ ಕಾರ್ಬೈಡ್ ಆಗಿಬಿಟ್ಟಿರುತ್ತದೆ, ತುಕ್ಕು ತಡೆಯಲು ಉಳಿಯುವುದು ಸ್ವಲ್ಪ. ಡಮಾಸ್ಕಸ್ (ಬೇರೆ ಬೇರೆ ಉಕ್ಕಿನ ಪದರಗಳಿಂದ ಮೂಡುವ ಅಲೆಗೆರೆ) ವಿನ್ಯಾಸವೆಂದರೆ ಬೆನ್ನು ನೋಡಿ: ಗೆರೆಗಳು ಬೆನ್ನಿನ ಮೇಲೂ ಮುಂದುವರಿಯದೆ ಎರಡೂ ಬದಿಗೆ ನಿಂತಿದ್ದರೆ ಅದು ಮೇಲೆ ಮೂಡಿಸಿದ ಚಿತ್ರ.

ಬಾಯಿಯ ಅರ್ಧಕ್ಕೆ ಗರಗಸದಂಥ ಹಲ್ಲಿರುವ ಅಲಗು ನಾನು ಮತ್ತೆ ಕೊಳ್ಳುವುದಿಲ್ಲ. ಹೆಚ್ಚು ಬಲ ಸಿಗುವ ಬುಡದ ಜಾಗವನ್ನೇ ಹಲ್ಲು ತಿಂದಿರುತ್ತದೆ. ಒಳಕ್ಕೆ ಬಾಗಿದ ಬಾಯಿಯದಂತೂ ಚಪ್ಪಟೆ ಕಲ್ಲಿಗೆ ಕೂರುವುದೇ ಇಲ್ಲ.

ಲಾಕ್ ಕೆಟ್ಟದ್ದನ್ನು ಹಾಗೇ ಇನ್ನೊಬ್ಬರಿಗೆ ದಾಟಿಸಬೇಡಿ. ಬಿಚ್ಚಿ ಕ್ಲಿಪ್, ಸ್ಕ್ರೂ, ವಾಷರ್‌ಗಳನ್ನು ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಇನ್ನೊಂದು ಚಾಕುವಿನ ಸ್ಕ್ರೂ ಕಳೆದಾಗ ಅವೇ ಬೇಕಾಗುತ್ತವೆ. ಅಲಗಿನ ಬಾಯಿಯನ್ನು ಒರಟು ಕಲ್ಲಿಗೆ ನೇರ ಉಜ್ಜಿ ಮೊಂಡು ಮಾಡಿ, ಎರಡು ಪದರ ಟೇಪ್ ಸುತ್ತಿ ಗುಜರಿಗೆ.